ಲಾರಿಯಲ್ಲಿ ತೂಗುತ್ತಿದ್ದ ಲಾಳಿ

ಯಾವುದಾದರೂ ಬಸ್ಸಿನ ರೇಡಿಯೇಟರಿನಿಂದ ಕಾದ ತುಕ್ಕುನೀರಿನ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಮಡಿಲಿಗೆ ಹೋಗುತ್ತದೆ.

ಮಗ್ಗ ಮಾರಿದ ದುಡ್ಡಲ್ಲಿ ಕೊಂಡಿದ್ದ ನಮ್ಮ ಹಳೇ ಲಾರಿ ಅಂದು ಮಧ್ಯಾಹ್ನ ತೊಪ್ಪೂರು ಘಾಟಿಯ ಏರಿನಲ್ಲಿ ಕುದಿದು ನಿಂತಿತ್ತು. ಒಂದು ಕಾಲಕ್ಕೆ ಹಾಸಿನ ನೂಲಿನ ಬಿಗಿ ನೋಡುತ್ತಿದ್ದ ಹೆಬ್ಬೆರಳಿನಿಂದಲೇ ಅಪ್ಪ ಫ್ಯಾನ್ ಬೆಲ್ಟನ್ನು ಒತ್ತಿ ನೋಡಿದ.

"ಬೆಲ್ಟು ಸರಿಯಾಗೇ ಐತೆ."

ನೀರಿನ ಹೋಸ್ ಪೈಪೂ ಸೋರುತ್ತಿರಲಿಲ್ಲ. ಎಂಜಿನ್ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ನೀರು ತುಂಬಿಸಿ ಮತ್ತೆ ಸ್ಟಾರ್ಟ್ ಮಾಡಿದ. ನೀರಿನಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದವು. ಆಫ್ ಮಾಡಿ, ಆಯಿಲ್ ನೋಡುವ ಕಡ್ಡಿ ಎಳೆದ. ಕಪ್ಪಗಿರಬೇಕಾದ ಆಯಿಲ್ ಹಾಲು ಹಾಕಿದ ಟೀಯಂತಿತ್ತು.

"ಆಯಿಲ್‌ಗೆ ನೀರು ಓಗ್ಬುಟ್ಟೈತೆ. ಎಂಜಿನ್ನು ಅವ್ಳೋದಾನ್." ಮುಗಿಯಿತು ಎನ್ನುವುದಕ್ಕೆ ಅಪ್ಪನ ಬಾಯಿಗೆ ತಮಿಳೇ ಬರುತ್ತಿತ್ತು.

"ಇನ್ನೂ ವಸಿ ಆರಿದ್ರೆ ಓಗ್ಬೋದಲ್ಲಾ?" ಅಮ್ಮ ಕೇಳಿದಳು.

ಅಪ್ಪ ಕಡ್ಡಿಯನ್ನು ಟವೆಲಿನಲ್ಲಿ ಒರೆಸಿ ಇದ್ದಲ್ಲಿಗೇ ಸಿಕ್ಕಿಸಿದ. ಬೇರೆಯವರು ದೇವರ ಪಟ ಹಾಕುವ ಕಡೆ ನಮ್ಮ ಲಾರಿಯಲ್ಲಿ ಹಳೇ ಮಗ್ಗದ ಲಾಳಿ ತೂಗುತ್ತಿತ್ತು. ಅದನ್ನು ಬಿಚ್ಚಿ ನನ್ನ ಮಡಿಲಿಗಿಟ್ಟ.

"ಇದ್ನ ಬಿಗಿಯಾಗಿ ಇಡ್ಕೋ, ಕಣ್ಣು. ಬಸ್ಸಲ್ಲಿ ಜನ ಜಾಸ್ತಿ ಇರ್ತಾರೆ."