ಸೈಲೆನ್ಸರ್ ತಾಗಿದ ಕಾಲು

ಬಿಸಿ ಸೈಲೆನ್ಸರಿನ ವಾಸನೆ ಬಂದರೆ ಈಗಲೂ ನನ್ನ ಬಲಗಾಲು ತಾನಾಗಿ ಹಿಂದೆ ಸರಿಯುತ್ತದೆ.

ನನಗಾಗ ಒಂಬತ್ತು ವರ್ಷ. ಗೋಪಾಳದ ನಮ್ಮ ಬೀದಿಯ ಮೆಕ್ಯಾನಿಕ್ ಸಲೀಮಣ್ಣ ಅಕ್ಕನಿಗೆ ತನ್ನ ಕೆಂಪು ಬೈಕ್ ಓಡಿಸಲು ಕಲಿಸುತ್ತಿದ್ದ. ಚಿಕ್ಕದಾದರೂ ರೇಸಿನ ಬೈಕಿನಂತೆ ಮುಂದಕ್ಕೆ ಬಾಗಿದ ಬೈಕು ಅದು. ಭಾನುವಾರ ಫ್ಯಾಕ್ಟರಿಗಳಿಗೆ ರಜೆ, ಮಾಚೇನಹಳ್ಳಿಯ ರಸ್ತೆಗಳು ಖಾಲಿ, ಕಲಿಕೆ ಅಲ್ಲೇ. ಅವರಿಬ್ಬರನ್ನೇ ಕಳಿಸಲು ಮನಸ್ಸಿಲ್ಲದ ಅಮ್ಮ ನನ್ನನ್ನೂ ಜೊತೆಗೆ ಅಟ್ಟುತ್ತಿದ್ದಳು.

“ಕ್ಲಚ್ ಮೆಲ್ಲಗೆ ಬಿಡು ಮಾರಾಯ್ತಿ, ಅದೇನು ಕಪ್ಪೆನಾ ಕುಪ್ಪಳಿಸೋಕೆ?” ಎಂದು ಸಲೀಮಣ್ಣ ರಸ್ತೆ ಬದಿಯಿಂದ ಕೂಗುತ್ತಿದ್ದ. ಅಕ್ಕ ನಗುತ್ತಿದ್ದಳು.

ಆ ಮಧ್ಯಾಹ್ನ ಹಿಂದೆ ಕೂತಿದ್ದ ನಾನು ಬಲಗಡೆಗೆ ಇಳಿದೆ. ಸೈಲೆನ್ಸರ್ ತಾಗಿ ಮೀನಖಂಡದ ಚರ್ಮ ಸುಲಿದು ಬಂತು. ಸಲೀಮಣ್ಣ ಬಾಟಲಿ ನೀರು ಸುರಿದು, “ಮನೆಗೆ ಹೋದ ತಕ್ಷಣ ಅಮ್ಮಂಗೆ ತೋರಿಸು ಪುಟ್ಟಿ” ಎಂದ. ಅವನು ಅತ್ತ ಸರಿದಾಗ ಅಕ್ಕ ನನ್ನ ಲಂಗವನ್ನು ಕೆಳಗೆಳೆದಳು. “ಹೇಳ್ಬೇಡ ಕಣೆ. ಹೇಳಿದ್ರೆ ಬೈಕ್ ಮುಟ್ಟೋಕೂ ಬಿಡಲ್ಲ.”

ಮೂರನೇ ದಿನ ಸ್ನಾನ ಮಾಡಿಸುವಾಗ ಅಮ್ಮನಿಗೆ ಕೀವು ಕಂಡಿತು. ಯಾಕೆ ಹೇಳಲಿಲ್ಲ ಎಂದಾಗ “ಹೇಳ್ಬೇಡ ಅಂದ್ರು” ಎಂದು ಬಾಯಿ ತಪ್ಪಿ ಬಂತು. “ಹೇಳ್ಬೇಡ ಅಂದಿದ್ದು ಯಾರು?” ಎಂದು ರಟ್ಟೆ ಹಿಡಿದು ಕೇಳಿದಳು. ಅಕ್ಕನಿಗೆ ಏಟು ಬೀಳದಿರಲಿ ಎಂದು ನಾನು “ಸಲೀಮಣ್ಣ” ಎಂದೆ.

ಅಮ್ಮನ ಕೈ ಸಡಿಲವಾಯಿತು. ಅವಳು ಗದರಲಿಲ್ಲ, ಗಾಯವನ್ನೂ ಮತ್ತೆ ನೋಡಲಿಲ್ಲ. “ಇನ್ನೂ ಏನೇನು ಹೇಳ್ಬೇಡ ಅಂದಿದ್ದಾನೆ?” ಎಂದಳು, ಮೆತ್ತಗೆ.

ಅಮ್ಮ ಒಳಗೆ ಹೋಗಿ ಹೇಳಿದ್ದೇ ತಡ, ಅಪ್ಪ ಅಂಗಿ ಹಾಕಿಕೊಂಡು ಸಲೀಮಣ್ಣನ ಗ್ಯಾರೇಜಿನ ಕಡೆ ಹೊರಟರು. ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನನ್ನು ನೋಡಿದಳು, ನಾನು ಅವಳನ್ನು. ಗೇಟು ಹಾಕಿಕೊಂಡ ಸದ್ದು ಕೇಳುವವರೆಗೂ ಇಬ್ಬರೂ ಬಾಯಿ ಬಿಡಲಿಲ್ಲ.