ಪರಮಶಿವಯ್ಯನವರ ಪಕ್ಕೆನೋವು

ಸರ್ಕಾರಿ ಆರೋಗ್ಯ ವಿಮೆಯ ಅರ್ಜಿ ತಿರಸ್ಕರಿಸಿದ ಅಧಿಕಾರಿಯೇ ಮೇಲ್ಮನವಿ ಮುಗಿಯುವ ತನಕ ರೋಗಿಯ ನೋವನ್ನೂ ಹೊರಬೇಕೆಂಬ ಕಾನೂನು ಬಂದ ಮೇಲೆ, ಆ ಕಚೇರಿಯಲ್ಲಿ ನರಳಾಟ ಮಾಮೂಲಾಗಿತ್ತು. ನನ್ನ ಗಂಡನ ಕಿಡ್ನಿ ಕಲ್ಲಿನ ನೋವು ಈಗ ಪರಮಶಿವಯ್ಯನವರ ಪಕ್ಕೆಯಲ್ಲಿತ್ತು. ಗಂಡ ಮನೆಯಲ್ಲಿ ಆರಾಮಾಗಿ ಮುದ್ದೆ ನುಂಗುತ್ತಿದ್ದ.

"ಆಪರೇಷನ್ ಮಂಜೂರು ಮಾಡಿದೀನಿ ತಾಯಿ. ಒಪ್ಪಿಗೆ ಅಂತ ಒಂದು ಸಹಿ ಹಾಕಿಬಿಡಿ, ಮೇಲ್ಮನವಿ ಮುಗಿದು ನೋವು ಇಳಿಯುತ್ತೆ," ಮೇಜಿನ ಮೇಲೆ ಬೋರಲು ಬಿದ್ದುಕೊಂಡೇ ಅವರು ಗೋಗರೆದರು.

ಪೆನ್ನಿನ ಮುಚ್ಚಳ ತೆಗೆದೆ. ಅರ್ಜಿ ಕೊಡಲು ಬಂದ ದಿನ ಗಂಡ ಇದೇ ಮೇಜಿನ ಮುಂದೆ ನೆಲದಲ್ಲಿ ಹೊರಳಾಡುತ್ತಿದ್ದಾಗ ಇವರು ಕಾಫಿ ಆರಿಸಿಕೊಳ್ಳುತ್ತಾ ಕೂತಿದ್ದರು. ಮುಚ್ಚಳ ಹಾಕಿ ಎದ್ದೆ.

"ಎಲ್ಲಿಗೆ ತಾಯಿ?"

"ನಾಳೆ ಬರ್ತೀನಿ ಸಾರ್. ಇದೇನು ತುರ್ತಿನ ಕೇಸಲ್ಲ ಅಂತ ನೀವೇ ತಾನೇ ಹೇಳಿದ್ದು?"