ಅರಗಿನ ಮೊಹರು

ಹನ್ನೆರಡಕ್ಕೆ ಬರಬೇಕಿದ್ದ ಕರೆಂಟು ಹನ್ನೆರಡೂಕಾಲಾದರೂ ಬರಲಿಲ್ಲ. ಬದ್ರಾವಿ ಮರಿ ಮಾಡಿಸುವ ತಗಡಿನ ಯಂತ್ರದ ಬಾಗಿಲನ್ನು ನಾಲ್ಕು ಬೆರಳಷ್ಟು ಸರಿಸಿ, ಒಂದು ಮೊಟ್ಟೆ ತೆಗೆದು, ಮುಚ್ಚಿದ ಕಣ್ಣರೆಪ್ಪೆಯ ಮೇಲೆ ಇಟ್ಟುಕೊಂಡ. ಅವನ ಅಪ್ಪ, ಅಜ್ಜ ಶಾಖ ನೋಡುತ್ತಿದ್ದದ್ದೂ ಹೀಗೆಯೇ. ಮೊಟ್ಟೆ ತಣ್ಣಗಾಗುತ್ತಿತ್ತು. ಅಂಥವು ಸಾವಿರದ ಇನ್ನೂರು, ಒಂದೊಂದರಲ್ಲೂ ಐದು ದಿನದ ಜೀವ. ಎಲ್ಲ ಊರ ಹೆಂಗಸರು ನಂಬಿ ತಂದುಕೊಟ್ಟವು. ಮೂರು ಮೊಟ್ಟೆಗೆ ಎರಡು ಮರಿ ಎಂಬುದು ಅಜ್ಜನ ಕಾಲದ ಒಪ್ಪಂದ. ಹೊರಗೆ ತೂಬಾ ತಿಂಗಳ ಮಾಗಿಚಳಿ ಗೋಡೆಗಳನ್ನು ಕೊರೆಯುತ್ತಿತ್ತು.

ಪರವಾನಗಿಗೆ ಕೊನೆಯ ಸಹಿ ಹಾಕಲು ತಂತಾ ಪಟ್ಟಣದಿಂದ ಬಂದಿದ್ದ ಇಂಜಿನಿಯರ್ ಹಾತಿಮ್, ಯಂತ್ರದ ಕಪ್ಪು ಗಾಜನ್ನೇ ನೋಡುತ್ತ ನಿಂತಿದ್ದ. ಅಲ್ಲಿ ಮೂವತ್ತೇಳೂವರೆ ಎಂದು ಕಾಣಬೇಕಿತ್ತು. ಏನೂ ಕಾಣುತ್ತಿರಲಿಲ್ಲ.

"ಅಂಕಿ ಇಲ್ದೆ ನಾನೇನಂತ ಬರೀಲಿ, ಹಾಜಿ?"

"ತಣ್ಣಗಾಗ್ತಿದೆ ಅಂತ ಬರೀರಿ."

"ಯಾವ ಮಾಪಕದ ಪ್ರಕಾರ?"

ಬದ್ರಾವಿ ತನ್ನ ರೆಪ್ಪೆ ಮುಟ್ಟಿ ತೋರಿಸಿದ.

"ಅದಕ್ಕೆ ಇದರಲ್ಲಿ ಕಾಲಂ ಇಲ್ಲ," ಎಂದ ಹಾತಿಮ್, ಬೇಸರದಲ್ಲಿ.

ಬದ್ರಾವಿಯ ಅಕ್ಕ ರತೀಬಾ, ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಯಂತ್ರಕ್ಕೆ ಹೊದಿಸುತ್ತಿದ್ದವಳು, ಕೈ ನಿಲ್ಲಿಸದೆ ಕೇಳಿದಳು: "ಸೀಮೆಎಣ್ಣೆ ದೀಪ ಹಚ್ಚಬೇಡಿ ಅಂದಿದ್ದು ಸರ್ಕಾರ. ಕರೆಂಟಿನ ಯಂತ್ರ ಇಡ್ಲೇಬೇಕು ಅಂದಿದ್ದೂ ಸರ್ಕಾರ. ಈಗ ಕರೆಂಟು ತೆಗೆದೋರು ಯಾರು, ನಮ್ಮ ಸೋದರಮಾವನಾ?"

"ಕರೆಂಟು ಬೇರೆ ಇಲಾಖೆ, ಚಿಕ್ಕಮ್ಮ. ನಾನು ಶಾಖದ ಇಲಾಖೆ."

"ಹಾಗಾದ್ರೆ ಆ ಇಲಾಖೆಯೋರನ್ನೇ ಕರೆಸು. ಬಂದು ಕಾವು ಕೂತ್ಕೊಳ್ಳಿ."

ಜನರೇಟರ್ ಇಡೋಣವೆಂದರೆ ಅದಕ್ಕೆ ಹೊಗೆಯ ಇಲಾಖೆಯ ಒಪ್ಪಿಗೆ ಬೇಕು. ಅರ್ಜಿ ಹೋಗಿ ಮೂರು ತಿಂಗಳು. ಅಷ್ಟರಲ್ಲಿ ಹಾತಿಮ್‌ನ ಜೇಬಿನಲ್ಲಿ ಫೋನು ಟಿಂಗ್ ಎಂದಿತು. ಅವನು ಓದಿ, ಎಲ್ಲೋ ನೋಡುತ್ತ ಹೇಳಿದ: "ಎರಡೂವರೆವರೆಗೂ ಇಲ್ವಂತೆ."

ಬದ್ರಾವಿ ಅಂಗಳ ದಾಟಿ ಹಳೆಯ ಮಣ್ಣಿನ ಗೂಡುಮನೆಯ ಮುಂದೆ ಹೋಗಿ ನಿಂತ. ಮೊಳದಪ್ಪ ಗೋಡೆ, ಬಗ್ಗಿಯೇ ಹೋಗಬೇಕಾದ ಬಾಗಿಲು. ಒಳಗೆ ಅಜ್ಜನ ಕಾಲದ ಹತ್ತು ದೀಪ. ಒಮ್ಮೆ ಬಿಸಿಯಾದರೆ ಅರ್ಧ ದಿನ ಬಿಸಿ ಬಿಡದ ಮನೆ. ಬಾಗಿಲಿಗೆ ಹೋದ ತಿಂಗಳು ಹಾತಿಮನೇ ಹಾಕಿದ ದಾರ, ಅದರ ಗಂಟಿಗೆ ಕೆಂಪು ಅರಗಿನ ಮೊಹರು. ಬದ್ರಾವಿ ಬಿಸ್ಮಿಲ್ಲಾ ಎಂದು ದಾರ ಎಳೆದ. ಅರಗು ಪುಡಿಪುಡಿಯಾಗಿ ಚಪ್ಪಲಿಯ ಮೇಲೆ ಉದುರಿತು.

"ಹಾಜಿ, ಇದು ಅಪರಾಧ. ನಾನು ಎದುರಿಗೇ ನಿಂತಿದ್ದೀನಿ."

"ಸುಮ್ನೆ ನಿಂತಿದ್ರೆ ಇದನ್ನ ಹಿಡಿ," ಎಂದು ರತೀಬಾ ಮೊಟ್ಟೆಯ ಬುಟ್ಟಿಯೊಂದನ್ನು ಅವನ ಕೈಗೆ ತುರುಕಿದಳು. ಹಿಡಿಯಬೇಕೋ ಬಾರದೋ ಎಂದು ಯೋಚಿಸುವ ಮೊದಲೇ ಅವನು ಹಿಡಿದಾಗಿತ್ತು. ಹಾಗೆ ಯೋಚಿಸುತ್ತಲೇ ನಾಲ್ಕು ಬುಟ್ಟಿ ಸಾಗಿಸಿದ, ಒಂದೂ ಒಡೆಯದ ಹಾಗೆ.

ಹತ್ತೂ ದೀಪ ಹತ್ತಿದವು. ಗೂಡು ಮೆಲ್ಲಗೆ ಬಿಸಿಯೇರಿತು. ಬದ್ರಾವಿ ಮತ್ತೆ ಒಂದು ಮೊಟ್ಟೆಯನ್ನು ರೆಪ್ಪೆಗೆ ಒತ್ತಿ, ಬಹಳ ಹೊತ್ತು ಹಾಗೇ ಇದ್ದು, "ಅಲ್‌ಹಮ್ದುಲಿಲ್ಲಾ" ಎಂದ.

ಹಾತಿಮ್ ಕೋಟಿಗೆ ಅಂಟಿದ್ದ ಹುಲ್ಲು ಕೊಡವಿಕೊಂಡು ಕಡತ ಬಿಚ್ಚಿದ. "ಮೊಹರು ಒಡೆದ ಜಾಗಕ್ಕೆ ಮತ್ತೆ ಮೊಹರು ಹಾಕ್ಬೇಕು. ಮೂವತ್ತು ದಿನ."

"ಒಳಗೆ ಮೊಟ್ಟೆ ಇವೆ."

"'ಒಳಗೆ ಏನೇ ಇದ್ದರೂ' ಅಂತಿದೆ ನಿಯಮ."

"ಇನ್ನು ಹದಿನಾರು ದಿನಕ್ಕೆ ಮರಿ ಹೊರಗೆ ಬರ್ತವೆ. ಬಾಗಿಲು ಯಾರು ತೆಗೀತಾರೆ?"

"ಕೈರೋಗೆ ಅರ್ಜಿ ಹಾಕಿ."

"ಉತ್ತರ ಬರೋಕೆ?"

ಹಾತಿಮ್ ಹಾಳೆ ತಿರುವಿ ನೋಡಿದ. "ಮೂವತ್ತು ದಿನ." ಆಮೇಲೆ ದನಿ ತಗ್ಗಿಸಿದ: "ನನ್ನ ಮೇಲೆ ಸಿಟ್ಟಾಗಬೇಡಿ. ಒಂದು ಮೊಹರು ಹಾಕದೆ ಬಂದ ಅಂತ ನಮ್ಮೋನೊಬ್ಬನ್ನ ಮರುಭೂಮಿಗೆ ವರ್ಗ ಮಾಡಿದ್ರು. ನನಗೂ ಎರಡು ಹೆಣ್ಣುಮಕ್ಕಳಿದಾವೆ."

ಬದ್ರಾವಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ದಾಟಿದ ಆಚೆಯ ಸುಸ್ತು ಬಂತು. ಅಡುಗೆಮನೆಗೆ ಹೋಗಿ ಒಂದು ಹೂಜಿ ನೀರು, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಸ್ವಲ್ಪ ಹಳೆಯ ಗಿಣ್ಣು, ನಮಾಜಿನ ಚಾಪೆ ತಂದ. ಬಗ್ಗಿ ಒಳಗೆ ಇಳಿದ.

"ಇವುಗಳ ಮಗ್ಗುಲು ದಿನಕ್ಕೆರಡು ಸಲ ಬದಲಿಸ್ಬೇಕು. ನಾನಿಲ್ಲೇ ಇರ್ತೀನಿ. ನೀವು ನಿಮ್ಮ ಕೆಲಸ ಮಾಡಿ, ಇಂಜಿನಿಯರ್ ಸಾಹೇಬ್ರೆ."

ಬಾಗಿಲು ಒಳಗಿನಿಂದ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಅವನು ಮೆಲುದನಿಯಲ್ಲಿ ಓದುತ್ತಿದ್ದ ಕುರಾನಿನ ಆಯತ್ತುಗಳು ಮಣ್ಣಿನ ಗೋಡೆಯ ಮೂಲಕ ಕೇಳತೊಡಗಿದವು. ಪ್ರತಿ ಆಯತ್ತು ಮುಗಿದಾಗ ಓದು ನಿಲ್ಲುತ್ತಿತ್ತು. ಆಗ ಹುಲ್ಲಿನ ಮೇಲೆ ಒಂದು ಸಾಲು ಮೊಟ್ಟೆ ಹೊರಳುವ ಸಣ್ಣ ಸದ್ದು.

ಹಾತಿಮ್ ಚೀಲದಿಂದ ದಾರ ತೆಗೆದು ಚಿಲಕಕ್ಕೆ ಕಟ್ಟಿದ. ಮೊಹರಿನ ಅಚ್ಚು ತೆಗೆದ, ಅರಗಿನ ಕಡ್ಡಿ ತೆಗೆದ. ಕೋಟಿನ ಜೇಬು, ಷರಾಯಿಯ ಜೇಬು, ಚೀಲದ ತಳ ಎಲ್ಲವನ್ನೂ ತಡಕಾಡಿದ.

"ಚಿಕ್ಕಮ್ಮ, ಅರಗು ಕರಗಿಸ್ಬೇಕಿತ್ತು. ಒಂಚೂರು ಬೆಂಕಿ..."

ರತೀಬಾ ಖಾಲಿ ಯಂತ್ರದ ಮೇಲಿನ ಕಂಬಳಿಗಳನ್ನು ಒಂದೊಂದಾಗಿ ಮಡಚುತ್ತಿದ್ದಳು.

"ದೀಪ, ಬೆಂಕಿಪೊಟ್ಟಣ ಎಲ್ಲಾ ಒಳಗಿದೆ, ಮಗನೇ. ಬಾಗಿಲು ತಟ್ಟಿ ಕೇಳು. ಪೂರ್ತಿ ತೆಗೀಬೇಡ, ಶಾಖ ಹೋಗತ್ತೆ."